ಎರಡು ಕೊಕ್ಕೆಯ ನಿಯಮ



ಸ್ವಲ್ಪ ಉದ್ದ ಆಗ್ತದೆ, ಪುರಸೊತ್ತಿದ್ದಾಗ ಓದ್ರಿ. ಆದರೆ ಪೂರ್ತಿ ಓದ್ರಿ. ಅರ್ಧ ಓದಿ ಬೈಯೋಕೆ ಬಂದವರಿಗೆ ಉತ್ತರ ಕೊಡೋದಿಲ್ಲ.

ಯುಗಾದಿಗೆ ನಮ್ಮ ಅಕ್ಕನ ಮಗ ಹೊಸರಿತ್ತಿಗೆ ಬಂದಿದ್ದ. ಪಿಯುಸಿ ಮುಗಿಸಿ ಎರಡು ವರ್ಷ ಆಯ್ತು, ಮಲೆನಾಡಿನ ಕಡೆ ಒಂದು ಸಾಹಸ ಪ್ರವಾಸದ ಕಂಪನಿಯಲ್ಲಿ ಹೆಲ್ಪರ್ ಆಗಿದ್ದಾನೆ. ಶನಿವಾರ, ಭಾನುವಾರ ಬೆಂಗಳೂರಿನಿಂದ ಬಸ್ಸು ತುಂಬ ಜನ ಬರ್ತಾರೆ. ಅವರಿಗೆ ಟೆಂಟ್ ಹಾಕೋದು, ಚೀಲ ಹೊರೋದು, ಹಗ್ಗದ ಸೇತುವೆ ಮೇಲೆ ನಡೆಯೋರಿಗೆ, ಬಂಡೆ ಇಳಿಯೋರಿಗೆ ಬೆಲ್ಟ್ ಕಟ್ಟೋದು ಇವನ ಕೆಲಸ. ಈ ಸಲ ಬಂದವನು ಚೀಲದಿಂದ ಒಂದು ಹಳೆ ಬೆಲ್ಟ್ ತೆಗೆದು ಕಟ್ಟೆ ಮೇಲೆ ಇಟ್ಟ. ಸೊಂಟಕ್ಕೆ, ತೊಡೆಗೆ ಹಾಕೋ ಅಗಲ ಪಟ್ಟಿ. ಅದರ ಮುಂದೆ ಬಾಲದ ಹಾಗೆ ಎರಡು ಹಗ್ಗ. ಒಂದೊಂದರ ತುದಿಗೂ ಒಂದೊಂದು ಕೊಕ್ಕೆ.

"ಅವಧಿ ಮುಗದೈತಿ ಮಾಮಾ. ಇನ್ನ ಬಳಸಂಗಿಲ್ಲ ಅಂತ ತಗದು ಒಗದ್ರು. ಮನ್ಯಾಗ ತೋರಸೂಣು ಅಂತ ತಂದೆ" ಅಂದ.

ಅವರಪ್ಪ, ಅಂದರೆ ನಮ್ಮ ಭಾವ, ಅದನ್ನ ಕೈಯಲ್ಲಿ ತಗೊಂಡು ಹೊಲಿಗೆ ಸವರಿ ಸವರಿ ನೋಡಿದರು.

"ಚಲೋ ಐತಲ್ಲೋ. ಎಲ್ಲೂ ಹರದಿಲ್ಲ."

"ಹರೀಲಿಲ್ಲಂದ್ರೂ ಇಷ್ಟು ವರ್ಷಕ್ಕ ಅಂತ ಲೆಕ್ಕ ಇರತೈತಿ ಅಪ್ಪಾ. ಆಮ್ಯಾಲೆ ಗಿರಾಕಿಗೆ ಕಟ್ಟಂಗಿಲ್ಲ."

"ಹೊಸಾದು ಎಷ್ಟಕ್ಕ ಬರತೈತಿ?"

"ಸಾದಾ ಬೆಲ್ಟು ಮೂರು, ನಾಕು ಸಾವಿರಕ್ಕ ಸಿಗತೈತಿ."

"ಅಷ್ಟಕ್ಕ?" ಅಂದರು ಭಾವ. ಆಮೇಲೆ ಆ ವಿಷಯ ಮಾತಾಡಲಿಲ್ಲ.

ನಮ್ಮ ಭಾವ ಹದಿನೈದು ವರ್ಷ ಶೌಚಗುಂಡಿಗೆ ಇಳಿದವರು. ಸೊಂಟಕ್ಕೆ ಒಂದು ನಾರಿನ ಹಗ್ಗ, ಕೈಯಲ್ಲಿ ಒಂದು ಬಕೆಟ್ಟು, ಇಳಿಯೋಕೆ ಮುಂಚೆ ಒಂದು ಕ್ವಾರ್ಟರ್. ಅವರ ಸುರಕ್ಷಾ ಸಾಮಗ್ರಿ ಅಂದರೆ ಇಷ್ಟೇ. ಕೊನೆಗೆ ಇಳಿದ ಗುಂಡಿ ಯಾವ ಊರಿನದು, ಯಾರ ಮನೆಯದು ಅಂತ ಇಲ್ಲಿ ಬರೆಯೋದಿಲ್ಲ. ಅವತ್ತು ಅವರ ಜೋಡಿ ಇಳಿದ ಇನ್ನೊಬ್ಬರು ಜೀವಂತ ಮೇಲೆ ಬರಲಿಲ್ಲ. ಭಾವನ್ನ ಸೊಂಟದ ಹಗ್ಗ ಹಿಡಿದು ಎಳೆದರು. ಪಕ್ಕೆಲುಬು ಮುರೀತು, ಜೀವ ಉಳೀತು.

ಹಗ್ಗವನ್ನ ಸೊಂಟಕ್ಕೆ ಕಟ್ಟಿದರೆ ಜೋತುಬಿದ್ದ ಮನುಷ್ಯನ ಇಡೀ ಭಾರ ಹೊಟ್ಟೆ, ಪಕ್ಕೆ ಮೇಲೆ ಬೀಳ್ತದೆ, ಉಸಿರು ಕಟ್ಟತದೆ. ಅದಕ್ಕೇ ಬೆಲ್ಟಿನ ಪಟ್ಟಿ ತೊಡೆಗೂ ಇರೋದು. ಗುಂಡಿ ಕೆಲಸದ ಬೆಲ್ಟಿಗೆ ಎದೆ, ಭುಜಕ್ಕೂ ಪಟ್ಟಿ ಇರಬೇಕು. ಎಚ್ಚರ ತಪ್ಪಿದವನನ್ನ ನೆಟ್ಟಗೆ ಮೇಲೆ ಎಳೆಯೋಕೆ ಆಗೋದು ಆಗ ಮಾತ್ರ. ಈ ಲೆಕ್ಕವನ್ನ ನಾನು ಕಲಿತದ್ದು ಮೊನ್ನೆ, ಇಪ್ಪತ್ತರ ಹುಡುಗನಿಂದ. ಅವನು ಕಲಿತದ್ದು ರಜೆ ಕಳೆಯೋಕೆ ಬಂದವರು ಬೀಳಬಾರದು ಅಂತ.

ಅಳಿಯ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಯುರೋಪಿನ ಆಲ್ಪ್ಸ್ ಪರ್ವತ. ಗೋಡೆ ಹಾಗೆ ನಿಂತ ಬಂಡೆ. ಅದರ ಉದ್ದಕ್ಕೂ ಉಕ್ಕಿನ ಹಗ್ಗ ಬಿಗಿದಿದಾರೆ, ಕಾಲಿಡೋಕೆ ಕಬ್ಬಿಣದ ಮೆಟ್ಟಿಲು ಬಡಿದಿದಾರೆ. ಇಟಲಿ ಭಾಷೆಯಲ್ಲಿ 'ವಿಯಾ ಫೆರಾಟಾ' ಅಂತಾರೆ, ಕಬ್ಬಿಣದ ದಾರಿ ಅಂತ ಅರ್ಥ. ಮೊದಲನೇ ಮಹಾಯುದ್ಧದಲ್ಲಿ ಇಟಲಿ ಮತ್ತು ಆಸ್ಟ್ರಿಯಾದ ಸೈನಿಕರು ಡೊಲೊಮೈಟ್ ಬೆಟ್ಟಗಳಲ್ಲಿ ಹೀಗೇ ಏಣಿ, ಹಗ್ಗ ಕಟ್ಟಿಕೊಂಡು ಹತ್ತಿ ಇಳಿದು ಹೋರಾಡಿದರು. ಇವತ್ತು ಅಂಥ ದಾರಿಗಳು ರಜೆಯ ದಾರಿಗಳು. ಮಾರ್ಗದರ್ಶಿ ಬೇಕು ಅಂದರೆ ಅದಕ್ಕೊಂದು ಪ್ಯಾಕೇಜು. ಬೇಡ, ನಾವೇ ಹೋಗ್ತೀವಿ ಅಂದರೆ ನಕಾಶೆ, ವಸತಿ ಬುಕಿಂಗ್, ಬಾಡಿಗೆ ಬೆಲ್ಟ್ ಕೊಟ್ಟು ಕಳಿಸೋ ಇನ್ನೊಂದು ಪ್ಯಾಕೇಜು. ಅಳಿಯನ ಮಾಲೀಕರು ಹೆಲ್ಪರ್‌ಗಳನ್ನೆಲ್ಲ ಕೂರಿಸಿ ಈ ವಿಡಿಯೊ ತೋರಿಸಿ, ನಮ್ಮಲ್ಲೂ ಇಂಥದ್ದು ಮಾಡಬೇಕು ಅಂದರಂತೆ.

ಅಲ್ಲಿ ಒಂದು ನಿಯಮ ಇದೆ. ಉಕ್ಕಿನ ಹಗ್ಗವನ್ನ ಅಲ್ಲಲ್ಲಿ ಬಂಡೆಗೆ ಮೊಳೆ ಹೊಡೆದು ಕೂರಿಸಿರ್ತಾರೆ. ಮೊಳೆ ಬಂದಾಗ ಕೊಕ್ಕೆ ಬಿಚ್ಚಿ ಆಚೆ ಹಾಕಬೇಕು. ಎರಡೂ ಕೊಕ್ಕೆ ಒಟ್ಟಿಗೆ ಬಿಚ್ಚೋ ಹಾಗಿಲ್ಲ. ಒಂದನ್ನ ಬಿಚ್ಚಿ ಮೊಳೆಯ ಆಚೆ ಸಿಕ್ಕಿಸಿ, ಅದು ಕೂತಿತು ಅಂತ ಖಾತ್ರಿ ಆದ ಮೇಲೇ ಇನ್ನೊಂದನ್ನ ಬಿಚ್ಚಬೇಕು. ಸಾವಿರ ಅಡಿ ಎತ್ತರದಲ್ಲಿದ್ದರೂ ಮನುಷ್ಯ ಒಂದೇ ಒಂದು ಕ್ಷಣ ಆಧಾರ ಇಲ್ಲದೆ ಇರೋದಿಲ್ಲ.

"ಇದನ್ನ ತಪ್ಪಿದ್ರ ನಮ್ಮನ್ನ ಅವತ್ತ ಮನಿಗೆ ಕಳಸ್ತಾರ ಮಾಮಾ" ಅಂದ ಅಳಿಯ.

ಈ ನಿಯಮ ನನ್ನ ತಲೆಯಿಂದ ಹೋಗ್ತಾ ಇಲ್ಲ. ಒಂದು ಆಧಾರ ಬಿಡೋಕೆ ಮುಂಚೆ ಇನ್ನೊಂದು ಆಧಾರ ಸಿಕ್ಕಿರಬೇಕು. ರಜೆಗೆ ಬಂದವರ ಜೀವಕ್ಕೆ ಅನ್ವಯಿಸೋ ಈ ಮಾತು ನಮ್ಮ ಜನರ ಬದುಕಿಗೆ ಯಾಕೆ ಅನ್ವಯಿಸೋದಿಲ್ಲ?

ಗುಂಡಿಯಿಂದ ಹೊರಬಂದ ಮೇಲೆ ಭಾವನಿಗೆ ಏನಾಯ್ತು ಹೇಳ್ತೀನಿ. "ಆ ಕೆಲಸ ಬಿಡ್ರಿ" ಅಂತ ಎಲ್ಲರೂ ಹೇಳಿದರು. ಸಂಘಟನೆಯವನು ಅಂತ ಎಲ್ಲರಿಗಿಂತ ಜೋರಾಗಿ ಹೇಳಿದವನು ನಾನೇ. ಬಿಟ್ಟರು. ಬಿಟ್ಟು ಮಾಡಿದ್ದೇನು? ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಚೀಲ ಹೊರೋಕೆ ಹೋದರು. ವಿಷಗಾಳಿ ಕುಡಿದ ಎದೆ, ಅದರ ಮೇಲೆ ಮೆಣಸಿನಕಾಯಿ ಘಾಟು. ಎರಡು ಸೀಸನ್ ಹೊತ್ತರು, ಮೂರನೇದಕ್ಕೆ ಆಗಲಿಲ್ಲ. ಮುಂದೆ ಸರ್ವೆ ಆದಾಗ ಅವರ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಈಗ ಆ ಕೆಲಸ ಮಾಡ್ತಿಲ್ಲವಲ್ಲ ಅಂದರು. ಅಂದರೆ ಇಳೀತಿದ್ದರೆ ಹೆಸರು ಬರ್ತಿತ್ತು, ಬಿಟ್ಟದ್ದಕ್ಕೆ ಹೋಯ್ತು. ಒಂದು ಕೊಕ್ಕೆ ಬಿಚ್ಚಿಸಿದವರು ನಾವೆಲ್ಲ. ಎರಡನೇ ಕೊಕ್ಕೆ ಎಲ್ಲಿದೆ ಅಂತ ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ.

ಕಾನೂನು ಇಲ್ಲ ಅಂತಲ್ಲ. 1970ರ ದಶಕದಲ್ಲೇ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ನಮ್ಮ ರಾಜ್ಯದಲ್ಲಿ ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸಿದರು. 1993ರಲ್ಲಿ ಕೇಂದ್ರದ ಕಾಯ್ದೆ ಬಂತು. ಅದರ ಜಾಗಕ್ಕೆ ಬಂದ 2013ರ ಕಾಯ್ದೆ ಆ ವರ್ಷದ ಡಿಸೆಂಬರ್ 6ರಂದು ಜಾರಿಯಾಯ್ತು. ಬಾಬಾಸಾಹೇಬರ ಪರಿನಿಬ್ಬಾಣದ ದಿನ. ಅದರ ನಿಯಮಗಳಲ್ಲಿ ಒಂದು ಉದ್ದ ಪಟ್ಟಿ ಇದೆ: ಮೈಗೆ ಕಟ್ಟೋ ಸುರಕ್ಷಾ ಬೆಲ್ಟು, ಉಸಿರಾಟದ ಉಪಕರಣ, ಮೇಲೆತ್ತೋ ಮೂರು ಕಾಲಿನ ಸ್ಟ್ಯಾಂಡು. 2014ರ ಮಾರ್ಚ್ 27ರಂದು ಸಫಾಯಿ ಕರ್ಮಚಾರಿ ಆಂದೋಲನದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕು ಅಂತ ಹೇಳ್ತು. 2023ರ ಅಕ್ಟೋಬರ್‌ನಲ್ಲಿ ಅದನ್ನ 30 ಲಕ್ಷಕ್ಕೆ ಏರಿಸ್ತು. ಸತ್ತ ಮೇಲಿನ ಲೆಕ್ಕ ಏರ್ತಾ ಇದೆ. ಬದುಕಿ ಹೊರಬಂದವನ ಪುನರ್ವಸತಿಗೆ ಒಂದು ಸಲದ ನೆರವು ಅಂತ ಇಟ್ಟದ್ದು 40 ಸಾವಿರ.

ನಮ್ಮ ಜಿಲ್ಲೆಯವರಿಗೆ ಸವಣೂರು ನೆನಪಿಸಬೇಕಿಲ್ಲ. 2010ರ ಜುಲೈನಲ್ಲಿ ಭಂಗಿ ಸಮುದಾಯದವರು ಪುರಸಭೆ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಇದ್ದ ಮನೆಯನ್ನ ಖಾಲಿ ಮಾಡಿಸಬೇಡಿ ಅಂತ ಕೇಳೋಕೆ ಅವರಿಗೆ ಬೇರೆ ದಾರಿ ಕಾಣಲಿಲ್ಲ. ಮುಂದೆ ಎಲ್ಲಿಗೆ ಅಂತ ತೋರಿಸದೆ ಇದ್ದ ನೆಲೆ ಬಿಡು ಅನ್ನೋದು, ಬಂಡೆ ಮೇಲೆ ಎರಡೂ ಕೊಕ್ಕೆ ಒಟ್ಟಿಗೆ ಬಿಚ್ಚು ಅಂದ ಹಾಗೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡ್ತೀನಿ, ಆಮೇಲೆ ತಿರುಚಬೇಡಿ. ಬೆಲ್ಟ್ ಕಟ್ಟಿ ಗುಂಡಿಗೆ ಇಳಿಸ್ರಿ ಅಂತ ನಾನು ಕೇಳ್ತಿಲ್ಲ. ಗುಂಡಿಗೆ ಯಾರೂ ಇಳಿಯಬಾರದು. ಯಂತ್ರ ಇಳೀಲಿ. ನಾನು ಕೇಳ್ತಿರೋದು ಬೇರೆ. ಖುಷಿಗಾಗಿ ಅಪಾಯಕ್ಕೆ ಹೋದವನ ಜೀವ ಉಳಿಸೋ ವಿದ್ಯೆ ಈ ದೇಶಕ್ಕೆ ಗೊತ್ತಿದೆ, ಸಾಮಾನು ಅಂಗಡಿಯಲ್ಲಿ ಸಿಗ್ತದೆ, ಬೆಲೆ ಮೂರ್ನಾಲ್ಕು ಸಾವಿರ. ಹಾಗಿದ್ದೂ ಹೊಟ್ಟೆಗಾಗಿ ಅಪಾಯಕ್ಕೆ ಇಳಿದವನಿಗೆ ಅದು ಸಿಗಲಿಲ್ಲ ಅಂದರೆ, ಕೊರತೆ ಇದ್ದದ್ದು ಸಾಮಾನಿನದಲ್ಲ.

ಈಗ ನಮ್ಮವರದೇ ಒಂದು ಮಾತಿಗೆ ಬರ್ತೀನಿ. ಈ ವಿಷಯ ಹೇಳಿದಾಗ ಒಬ್ಬ ಹಿರಿಯ ಸಂಗಾತಿ, "ಇದೆಲ್ಲಾ ದುಡ್ಡಿದ್ದೋರ ಚಟ ತಮ್ಮಾ. ಗುಡ್ಡ ಹತ್ತಿ ಇಳದ್ರ ನಮ್ಮ ಮಂದಿಗೆ ಏನ ಸಿಗತೈತಿ? ಭೂಮಿ, ನೌಕರಿ ಮಾತಾಡು" ಅಂದರು. ಅವರ ಬಗ್ಗೆ ಗೌರವ ಇದೆ. ಆದರೆ ಈ ಮಾತು ನಾನು ಒಪ್ಪೋದಿಲ್ಲ.

ಬಾಬಾಸಾಹೇಬರು ಪ್ರವಾಸ ಹೋಗಿದ್ದರು ಅನ್ನೋದನ್ನ ನಾವು ಮರೀತೀವಿ. 1934ರಲ್ಲಿ ಸುಮಾರು ಮೂವತ್ತು ಜನ ಸಂಗಾತಿಗಳ ಜೊತೆ ವೆರೂಳಿನ ಗುಹೆ ನೋಡೋಕೆ ಹೊರಟರು. ದಾರಿಯಲ್ಲಿ ದೌಲತಾಬಾದಿನ ಬೆಟ್ಟದ ಕೋಟೆ. ಧೂಳು ಮೆತ್ತಿದ ಮುಖವನ್ನ ಬಾಗಿಲ ಬಳಿಯ ಕೊಳದಲ್ಲಿ ತೊಳೆದುಕೊಂಡರು. ಅಷ್ಟಕ್ಕೇ ಕೊಳ ಮೈಲಿಗೆ ಆಯ್ತು ಅಂತ ದೊಡ್ಡ ಗಲಾಟೆ. ಕೊನೆಗೆ ಒಂದು ಷರತ್ತಿನ ಮೇಲೆ ಒಳಗೆ ಬಿಟ್ಟರು: ಕೋಟೆಯಲ್ಲಿ ಎಲ್ಲೂ ನೀರು ಮುಟ್ಟಬಾರದು. ಮುಟ್ಟದ ಹಾಗೆ ನೋಡಿಕೊಳ್ಳೋಕೆ ಬಂದೂಕಿನ ಒಬ್ಬ ಸಿಪಾಯಿ ಜೊತೆಗೆ ಬಂದ. ಇದನ್ನ ಅವರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ. ದಾರಿ ತೋರಿಸೋಕೆ ಗೈಡ್ ಬರ್ತಾನೆ ಅಂತ ಕೇಳಿದ್ದೀವಿ. ನಮ್ಮವರ ಬೆನ್ನಿಗೆ ಬಂದವನು ಕಾವಲಿನವನು.

ಹಂಗಾಗಿ 'ನಮ್ಮ ಪಾಡಿಗೆ ನಾವು ಗುಡ್ಡ ಹತ್ತಿ ಬರ್ತೀವಿ' ಅನ್ನೋದು ನಮಗೆ ಬರೀ ಮೋಜಿನ ಮಾತಲ್ಲ. ಯಾವ ಕೆರೆ, ಯಾವ ಬಾವಿ, ಯಾವ ಕಟ್ಟೆ ಮುಟ್ಟಬಾರದು ಅಂತ ಊರಿನ ನಕಾಶೆಯನ್ನ ತಲೆಯಲ್ಲಿ ಹೊತ್ತು ಬೆಳೆದವರು ನಾವು. ನೌಕರಿಗೆ, ದುಡಿಮೆಗೆ, ಕೋರ್ಟಿಗೆ, ಧರಣಿಗೆ ಊರು ಬಿಟ್ಟಿದ್ದೀವಿ. ಸುಮ್ಮನೆ, ಖುಷಿಗೆ ಅಂತ ಎಷ್ಟು ಸಲ ಬಿಟ್ಟಿದ್ದೀವಿ? ನನ್ನ ಅವ್ವ ಎಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹೋಗಿಲ್ಲ. ವರದಾ ನದಿ ದಾಟಿದ್ದು ಕೂಲಿಗೆ, ಇಲ್ಲಾ ಜಾತ್ರೆಗೆ.

ಹಗ್ಗ ಸಿಕ್ಕರೆ ನಮ್ಮ ಮಕ್ಕಳು ಎಲ್ಲಿಗೆ ಹೋಗ್ತಾರೆ ಅನ್ನೋದಕ್ಕೆ ಉದಾಹರಣೆ ಪಕ್ಕದ ರಾಜ್ಯದಲ್ಲೇ ಇದೆ. 2014ರ ಮೇ 25ರಂದು ಮಾಲಾವತ್ ಪೂರ್ಣ ಎವರೆಸ್ಟ್ ತುದಿ ಮುಟ್ಟಿದಳು. ನಿಜಾಮಾಬಾದ್ ಜಿಲ್ಲೆಯ ಲಂಬಾಣಿ ಹುಡುಗಿ, ಕೂಲಿಕಾರರ ಮಗಳು, ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ಜೊತೆಗೆ ಖಮ್ಮಂ ಜಿಲ್ಲೆಯ ದಲಿತ ಹುಡುಗ ಆನಂದ್ ಕುಮಾರ್. ಇಬ್ಬರೂ ಓದ್ತಿದ್ದದ್ದು ಸಮಾಜ ಕಲ್ಯಾಣ ವಸತಿ ಶಾಲೆಗಳಲ್ಲಿ. ಆಗ ಆ ಸಂಸ್ಥೆಯ ಕಾರ್ಯದರ್ಶಿಯಾಗಿದ್ದ ಆರ್.ಎಸ್. ಪ್ರವೀಣ್ ಕುಮಾರ್, ಹಾಸ್ಟೆಲ್ ಮಕ್ಕಳಿಗೆ ಅನ್ನ, ಪಾಠ ಕೊಟ್ಟರೆ ಸಾಕು ಅಂದುಕೊಳ್ಳಲಿಲ್ಲ. ಭೋಂಗಿರ್ ಬಂಡೆ ಮೇಲೆ ಕಲಿಸಿದರು, ಡಾರ್ಜಿಲಿಂಗಿಗೆ ತರಬೇತಿಗೆ ಕಳಿಸಿದರು. ಆ ಬಂಡೆಯಂಥ ಬಂಡೆಗಳು ನಮ್ಮಲ್ಲಿ ಇಲ್ಲವಾ? ಮಧುಗಿರಿ ಇದೆ, ಸಾವನದುರ್ಗ ಇದೆ, ರಾಮನಗರ ಇದೆ. ಬಾದಾಮಿಯ ಕೆಂಪು ಬಂಡೆಗೆ ಹತ್ತೋಕೆ ದೇಶ ವಿದೇಶದವರು ಬರ್ತಾರೆ. ಅದೇ ಬಾದಾಮಿಗೆ ನಮ್ಮ ವಸತಿ ಶಾಲೆಯ ಮಕ್ಕಳು ಗುಹೆ ನೋಡಿ, ಫೋಟೊ ತೆಗೆಸಿಕೊಂಡು ವಾಪಸ್ ಬರ್ತಾರೆ.

ಹಂಗಂತ ಗುಡ್ಡದ ಮೇಲೆ ಜಾತಿ, ವರ್ಗ ಇಲ್ಲ ಅಂತ ಕನಸು ಕಾಣಬೇಡಿ. ಪೂರ್ಣ ಹತ್ತೋಕೆ ಐದು ವಾರ ಮುಂಚೆ, ಏಪ್ರಿಲ್ 18ರಂದು, ಎವರೆಸ್ಟಿನ ನೇಪಾಳದ ಬದಿಯಲ್ಲಿ ಹಿಮ ಕುಸಿದು 16 ಜನ ಸತ್ತರು. ಅಷ್ಟೂ ಜನ ದುಡಿಯೋಕೆ ಹೋದವರು, ಹೆಚ್ಚಿನವರು ಶೆರ್ಪಾಗಳು. ಗಿರಾಕಿಗಳಿಗಾಗಿ ಮುಂಚಿತವಾಗಿ ಸಾಮಾನು ಹೊತ್ತು ಮೇಲೆ ಹೊರಟಿದ್ದರು. ಸರ್ಕಾರ ಮೊದಲು ಘೋಷಿಸಿದ್ದು ಕುಟುಂಬಕ್ಕೆ 40 ಸಾವಿರ ನೇಪಾಳಿ ರೂಪಾಯಿ. ಅವರು ಸಿಟ್ಟಿಗೆದ್ದು ಕೆಲಸಕ್ಕೆ ಹೋಗಲ್ಲ ಅಂತ ಕೂತರು. ಆ ಬದಿಯ ಸೀಸನ್ನೇ ನಿಂತು ಹೋಯ್ತು. ಆಮೇಲೆ ವಿಮೆಯ ಮೊತ್ತ ಏರ್ತು. ಪೂರ್ಣ, ಆನಂದ್ ಹತ್ತಿದ್ದು ಟಿಬೆಟ್ ಬದಿಯಿಂದ. ಅವರ ಜೊತೆಗೂ ಶೆರ್ಪಾಗಳಿದ್ದರು. ತುದಿಯ ಫೋಟೊ ಹಂಚಿಕೊಳ್ಳೋವಾಗ ನಾವು ಇದನ್ನೂ ನೆನಪಿಡಬೇಕು.

ನಮ್ಮ ಅಳಿಯನ ಕಥೆಯೂ ಅದೇ. ಬಂದವರ ಪ್ಯಾಕೇಜಿನಲ್ಲಿ ವಿಮೆ ಸೇರಿರ್ತದೆ, ಕಟ್ಟಿ ಬಿಡೋ ಇವನಿಗೆ ವಿಮೆ ಇಲ್ಲ. ನೇಮಕದ ಪತ್ರ ಇಲ್ಲ, ದಿನದ ಲೆಕ್ಕ. ಮಳೆಗಾಲದಲ್ಲಿ ದಾರಿ ಬಂದ್ ಆದರೆ ಇವನ ಕೂಲಿಯೂ ಬಂದ್. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಜಾತ್ರೆ ಸೇರಿದ ವಿಡಿಯೊ ಹರಿದಾಡಿ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳಿಗೆ ಅರಣ್ಯ ಇಲಾಖೆ ತಡೆ ಹಾಕ್ತು. ಕಾಡಿಗೆ ಅದು ಬೇಕಿತ್ತು, ನಾನು ವಿರೋಧಿಸೋದಿಲ್ಲ. ಆದರೆ ಚೀಲ ಹೊತ್ತು, ಅಡುಗೆ ಮಾಡಿ ಬದುಕ್ತಿದ್ದ ಹುಡುಗರು ಆ ದಿನಗಳಲ್ಲಿ ಏನು ತಿಂದರು ಅನ್ನೋದು ಯಾವ ಚರ್ಚೆಯಲ್ಲೂ ಬರಲಿಲ್ಲ. ಅಲ್ಲೂ ಅದೇ ತಪ್ಪು. ಮೊದಲ ಕೊಕ್ಕೆ ಬಿಚ್ಚಿದರು, ಎರಡನೇದು ಇಲ್ಲ.

ಹಂಗಾದರೆ ನಾನು ಕೇಳೋದೇನು?

ಒಂದು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಡಾ. ಅಂಬೇಡ್ಕರ್ ವಸತಿ ಶಾಲೆಗಳ ಮಕ್ಕಳಿಗೆ ವರ್ಷಕ್ಕೊಮ್ಮೆ ಬಂಡೆ ಹತ್ತೋ ತರಬೇತಿ ಕೊಡಿ, ಒಳ್ಳೆ ಸಾಮಗ್ರಿ, ಒಳ್ಳೆ ತರಬೇತುದಾರರ ಜೊತೆ. ಹೆಣ್ಣುಮಕ್ಕಳಿಗೆ ಮೊದಲು. ದುಡ್ಡು ಎಲ್ಲಿಂದ ಅಂತ ಕೇಳಬೇಡಿ. ನಮ್ಮ ರಾಜ್ಯದಲ್ಲಿ 2013ರಿಂದ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ಇದೆ. ನಮ್ಮ ಹಣವನ್ನ ರಸ್ತೆಗೆ, ಸೇತುವೆಗೆ ತಿರುಗಿಸೋಕೆ ದಾರಿಯಾಗಿದ್ದ 7ಡಿ ಕಲಮನ್ನ ಹೋರಾಟ ಮಾಡಿ 2023ರಲ್ಲಿ ತೆಗೆಸಿದ್ದೀವಿ. ಆದರೆ ವಿದ್ಯಾರ್ಥಿವೇತನ ಕಡಿದು ಹಗ್ಗ ಕೊಳ್ಳಬೇಡಿ. ಅದನ್ನೂ ಈಗಲೇ ಹೇಳಿಡ್ತೀನಿ.

ಎರಡು. ಸಾಹಸ ಪ್ರವಾಸದ ಕಂಪನಿಗಳಿಗೆ ಅನುಮತಿ ಕೊಡೋವಾಗ ಒಂದು ಷರತ್ತು ಇರಲಿ: ಗಿರಾಕಿಗೆ ಎಷ್ಟು ವಿಮೆಯೋ ಹೆಲ್ಪರ್‌ಗೂ ಅಷ್ಟೇ. ಎರಡು ವರ್ಷ ಕೆಲಸ ಮಾಡಿದ ಹುಡುಗರಿಗೆ ಗೈಡ್ ತರಬೇತಿ ಮತ್ತು ಪ್ರಮಾಣಪತ್ರ ಕೊಡಿಸಿ. ಚೀಲ ಹೊರೋಕೆ ನಮ್ಮವರು, ದಾರಿ ಹೇಳೋಕೆ ಬೇರೆಯವರು ಅನ್ನೋ ಹಳೇ ಹಂಚಿಕೆ ಗುಡ್ಡದ ಮೇಲೂ ಬೇಡ.

ಮೂರು. ಗುಂಡಿ ಕೆಲಸ ಬಿಟ್ಟವರನ್ನೂ ಪಟ್ಟಿಗೆ ಸೇರಿಸಿ. ಪುನರ್ವಸತಿ ಅಂದರೆ ಎರಡನೇ ಕೊಕ್ಕೆ ಮೊದಲು. ಕೆಲಸ, ಮನೆ, ಆಸ್ಪತ್ರೆ ಖರ್ಚು ಕೈಗೆ ಸಿಕ್ಕಮೇಲೆ 'ಬಿಡು' ಅನ್ನಿ. ಇದನ್ನ ಅಧಿಕಾರಿಗಳಿಗಷ್ಟೇ ಹೇಳ್ತಿಲ್ಲ. ಬಾಯಿಮಾತಿನಲ್ಲಿ ಬಿಡಿಸಿ ಕೈತೊಳೆದುಕೊಂಡ ನನ್ನಂಥ ಸಂಘಟನೆಯವರಿಗೂ ಹೇಳ್ತಿದ್ದೀನಿ. ಭಾವನ ಹೆಸರಿಗೆ ಆವತ್ತೇ ಒಂದು ಅರ್ಜಿ ಹಾಕಿ ಬೆನ್ನು ಹತ್ತಿದ್ದರೆ ಅವರು ಮೆಣಸಿನಕಾಯಿ ಚೀಲದ ಕೆಳಗೆ ಕೆಮ್ಮುತಿರಲಿಲ್ಲ. ನಾನು ಆಗ ಭಾಷಣದಲ್ಲಿದ್ದೆ.

ನಾಲ್ಕನೇದು ನಮಗೆ ನಾವೇ ಮಾಡಿಕೊಳ್ಳೋದು. ಏಪ್ರಿಲ್ 14ರ ಜಯಂತಿಗೆ ಈ ಸಲ ಡಿಜೆ ಇಲ್ಲ ಅಂತ ನಮ್ಮ ಕೇರಿಯ ಹುಡುಗರು ಒಪ್ಪಿದ್ದಾರೆ. ಬಹಳ ಜಗಳ ಆಯ್ತು, ಆದರೂ ಒಪ್ಪಿದ್ದಾರೆ. ಆ ದುಡ್ಡಿನಲ್ಲಿ ಅದರ ಮರುವಾರ ಮಕ್ಕಳನ್ನ ಚಿತ್ರದುರ್ಗದ ಕೋಟೆಗೆ ಕರಕೊಂಡು ಹೋಗ್ತೀವಿ. ರಾಣೆಬೆನ್ನೂರು, ಹರಿಹರ, ದಾವಣಗೆರೆ ದಾಟಿದರೆ ಬಂತು. ಬಿಸಿಲು ಏರೋಕೆ ಮುಂಚೆ ಬಾಗಿಲು ತಲುಪಬೇಕು, ಹಂಗಾಗಿ ನಸುಕಿನಲ್ಲೇ ಹೊರಡೋದು. ಹದಿನೈದರ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಅಲ್ಲಿ ಓಬವ್ವನ ಕಿಂಡಿ ಇದೆ. ಕಾವಲುಗಾರನ ಹೆಂಡತಿ, ನಮ್ಮ ಛಲವಾದಿ ಹೆಣ್ಣುಮಗಳು, ಒನಕೆ ಹಿಡಿದು ನಿಂತ ಜಾಗ. 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಅವರ ಜಯಂತಿ ಮಾಡ್ತದೆ. ಮಕ್ಕಳಿಗೆ ಪಾಠದಲ್ಲಿ ಓಬವ್ವ ಗೊತ್ತು. ಆ ಬಂಡೆಗೆ ಕೈ ಇಟ್ಟು ಗೊತ್ತಿಲ್ಲ. ಕೋಟೆಯೊಳಗಿನ ಹೊಂಡದ ನೀರನ್ನ ಮುಟ್ಟಿ ನೋಡಲಿ. ಬೆನ್ನ ಹಿಂದೆ ಸಿಪಾಯಿ ಇರೋದಿಲ್ಲ.

ಬಂಡೆ ಹತ್ತಿಸೋದು ಈ ಸಲ ಇಲ್ಲ, ಮೆಟ್ಟಿಲ ದಾರಿಯಲ್ಲಿ ನಡೆಯೋದಷ್ಟೇ. ಸರಿಯಾದ ಸಾಮಗ್ರಿ, ಕಲಿಸೋರು ಸಿಗದೆ ಮಕ್ಕಳನ್ನ ಬಂಡೆ ಹತ್ತಿಸೋದಿಲ್ಲ ಅಂತ ಅಳಿಯ ಖಡಕ್ಕಾಗಿ ಹೇಳಿದ್ದಾನೆ. ಆ ಹಳೆ ಬೆಲ್ಟನ್ನ ಯಾರೂ ಕಟ್ಟಿಕೊಳ್ಳಬಾರದು ಅಂತ ಅದರ ಪಟ್ಟಿಯನ್ನೂ ಕತ್ತರಿಸಿಬಿಟ್ಟ. ಕೊಕ್ಕೆ ಎರಡನ್ನೂ ಭಾವ ತೆಗೆದು ಗೂಟಕ್ಕೆ ನೇತುಹಾಕಿದ್ದಾರೆ.

"ನಾನೂ ಬರ್ತೇನಿ. ಕಿಂಡಿತನಾ ಸಾಕು" ಅಂದಿದ್ದಾರೆ. ದಮ್ಮು ಹತ್ತಿದರೆ ಕೂತು ಕೂತು ಹೋಗೋದು, ಅವಸರ ಏನಿಲ್ಲ.

ಈಗ ಕೆಲಸದ ಮಾತು. ಒಂದು ಟೆಂಪೊ ಗೊತ್ತಾಗಿದೆ, ಇನ್ನೊಂದು ಬೇಕು. ಮಜ್ಜಿಗೆ, ಚುರುಮುರಿಗೆ ಯಾರಾದರೂ ಮುಂದೆ ಬರ್ರಿ. ಪ್ರಥಮ ಚಿಕಿತ್ಸೆ ಗೊತ್ತಿರೋ ನರ್ಸ್ ಅಕ್ಕಂದಿರು ಒಬ್ಬರು ಜೊತೆಗಿದ್ದರೆ ಧೈರ್ಯ. ಬೇರೆ ಊರಿನ ಸಂಗಾತಿಗಳು ನಿಮ್ಮ ಕೇರಿಯ ಮಕ್ಕಳನ್ನೂ ಕರಕೊಂಡು ಬರ್ತೀವಿ ಅಂದರೆ ಇಲ್ಲೇ ಕೆಳಗೆ ಬರೀರಿ, ದಿನ ಹೊಂದಿಸೋಣ.

ಜೈಭೀಮ್.